ಲಿಯೆಟ್ ಕೈನ್ಸ್: ಓದುಗರು ಮರೆತ ಮರಳುಗಾಡಿನ ಅಧಿಕಾರಿ

ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿಯನ್ನು ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ ಅರ್ಪಿಸಿದ್ದಾರೆ. ಆದರೆ ಆ ಕೃತಿಯನ್ನು ಕುರಿತ ಚರ್ಚೆಯ ಬಹುಪಾಲು ಮೀಸಲಾಗಿರುವುದು ರಾಜಕುಮಾರ ಪೌಲ್ ಅಟ್ರೈಡಿಸ್‌ಗೆ, ಅವನ ಯುದ್ಧಗಳಿಗೆ ಮತ್ತು ದೈತ್ಯ ಮರಳುಹುಳುಗಳಿಗೆ. ಅರ್ಪಣೆಯ ಪುಟವು ಯಾರನ್ನು ನೆನೆಯುತ್ತದೆಯೋ ಅವರ ಸಾಲಿಗೆ ಸೇರಿದ ಲಿಯೆಟ್ ಕೈನ್ಸ್ ಮೊದಲ ಸಂಪುಟವು ಮುಗಿಯುವುದಕ್ಕೆ ಬಹಳ ಮುಂಚೆಯೇ ಸಾಯುತ್ತಾನೆ. ಓದುಗರೂ ಅವನನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತಾರೆ. ನೆನೆಯುವ ಕೆಲವರು ಸಹ ಅವನನ್ನು ಹುತಾತ್ಮ ವಿಜ್ಞಾನಿಯೆಂದು ಕನಿಕರದಿಂದ ನೆನೆಯುತ್ತಾರೆಯೇ ಹೊರತು, ಕೈಯಲ್ಲಿ ಅಧಿಕಾರವಿದ್ದ ರಾಜಕೀಯ ವ್ಯಕ್ತಿಯೆಂದು ವಿಚಾರಣೆಗೆ ಒಳಪಡಿಸುವುದಿಲ್ಲ. ಕನಿಕರಕ್ಕಿಂತ ವಿಚಾರಣೆಯೇ ಅವನಿಗೆ ಸಲ್ಲಬೇಕಾದ ಗೌರವ.

ಕಥೆ ನಡೆಯುವುದು ಅರಾಕಿಸ್ ಎಂಬ ಮರಳುಗ್ರಹದಲ್ಲಿ. ಅಲ್ಲಿ ಮಳೆಯಿಲ್ಲ. ‘ಮಸಾಲೆ’ ಎಂದು ಕರೆಯುವ, ಇಡೀ ಸಾಮ್ರಾಜ್ಯಕ್ಕೆ ಅನಿವಾರ್ಯವಾದ ಒಂದು ವಸ್ತು ದೊರೆಯುವುದು ಆ ಮರಳಿನಲ್ಲಿ ಮಾತ್ರ. ಚಕ್ರವರ್ತಿ ಈ ಗ್ರಹವನ್ನು ಜಹಗೀರಿನಂತೆ ಒಂದು ಮನೆತನದಿಂದ ಕಿತ್ತು ಇನ್ನೊಂದಕ್ಕೆ ಕೊಡುತ್ತಾನೆ. ಹಾರ್ಕೋನೆನ್ ಮನೆತನ ತೆರವು ಮಾಡಿದ ಜಾಗಕ್ಕೆ ಅಟ್ರೈಡಿಸ್ ಮನೆತನ ಬರುತ್ತದೆ. ಸಾವಿರಾರು ವರ್ಷಗಳಿಂದ ಅಲ್ಲಿಯೇ ಬಾಳುತ್ತಿರುವ ಫ್ರೆಮೆನ್ ಜನರನ್ನು ಯಾರೂ ಕೇಳುವುದಿಲ್ಲ.

ಈ ಏರ್ಪಾಟಿನಲ್ಲಿ ಕೈನ್ಸ್‌ನದು ಎರಡು ಹುದ್ದೆ. ಅವನು ಚಕ್ರವರ್ತಿಯ ಸಂಬಳ ಪಡೆಯುವ ಗ್ರಹವಿಜ್ಞಾನಿ. ಜೊತೆಗೆ ಜಹಗೀರಿನ ಹಸ್ತಾಂತರ ನಿಯಮಬದ್ಧವಾಗಿ ನಡೆಯುವುದೇ ಎಂದು ನೋಡಿಕೊಳ್ಳುವ ನ್ಯಾಯಾಧಿಕಾರಿ. ಈ ಎರಡನೆಯ ಹುದ್ದೆ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಅವನ ತೀರ್ಪನ್ನು ಪ್ರಶ್ನಿಸಬೇಕಾದರೆ ಚಕ್ರವರ್ತಿಯ ಸಮ್ಮುಖದಲ್ಲಿ, ಎಲ್ಲ ಮಹಾಮನೆತನಗಳ ಉನ್ನತ ಸಮಿತಿಯ ಮುಂದೆಯೇ ಪ್ರಶ್ನಿಸಬೇಕು. ಇವೆರಡರ ಮರೆಯಲ್ಲಿ ಮೂರನೆಯದೊಂದು ಸ್ಥಾನವೂ ಇತ್ತು. ಫ್ರೆಮೆನ್ನರು ಲಿಯೆಟ್ ಎಂಬ ಹೆಸರಿನಿಂದ ತಲೆಬಾಗುತ್ತಿದ್ದ ಗುಪ್ತ ನಾಯಕನೂ ಅವನೇ.

ಆ ನಾಯಕತ್ವ ಅವನಿಗೆ ಬಂದದ್ದು ತಂದೆ ಪಾರ್ಡಾಟ್ ಕೈನ್ಸ್‌ನಿಂದ. ಮರಳುಗ್ರಹವನ್ನು ಹಸಿರಾಗಿಸುವ ಯೋಜನೆಯನ್ನು ಮೊದಲು ರೂಪಿಸಿದವನು ಆ ತಂದೆ. ಗುಹೆಯೊಂದು ಕುಸಿದು ಅವನು ಸತ್ತಾಗ ಮಗನಿಗೆ 19 ವರ್ಷ. ತಂದೆ ಮೊದಲೇ ಸಲ್ಲಿಸಿದ್ದ ಅರ್ಜಿಯಂತೆ ಸರಕಾರಿ ನೇಮಕಾತಿಯೂ ಮಗನ ಕೈಸೇರಿತು. ವಂಶಪಾರಂಪರ್ಯ ಎಂಬುದು ಅರಸರಿಗೆ ಮಾತ್ರ ಅಂಟಿದ ರೋಗವಲ್ಲವೆಂಬುದನ್ನು ಹರ್ಬರ್ಟ್ ಇಲ್ಲಿ ಸದ್ದಿಲ್ಲದೆ ಹೇಳಿಬಿಡುತ್ತಾರೆ.

ಯೋಜನೆಯ ವಿವರಗಳು ಕಾದಂಬರಿಯ ಅನುಬಂಧದಲ್ಲಿವೆ. ಕೃಷಿ ಓದುವ ವಿದ್ಯಾರ್ಥಿಗಳು ಅದನ್ನು ಬಿಡದೆ ಓದಬೇಕು. ಮೊದಲು ಗಾಳಿಯ ಕೈಯಿಂದ ಅದರ ಆಯುಧವನ್ನು, ಅಂದರೆ ಸಡಿಲ ಮರಳನ್ನು, ಕಸಿದುಕೊಳ್ಳಬೇಕು. ಅದಕ್ಕಾಗಿ ದಿಬ್ಬದ ಗಾಳಿಮರೆಯ ಬದಿಯಲ್ಲಿ ಬಡನೆಲದ ಹುಲ್ಲನ್ನು ನೆಡುತ್ತಾರೆ. ಆ ಬದಿ ಹಿಡಿದು ನಿಂತಂತೆ ಗಾಳಿಗೆದುರಾದ ಬದಿ ಏರುತ್ತಾ ಹೋಗುತ್ತದೆ. ಹುಲ್ಲೂ ಅದರೊಡನೆ ಮೇಲಕ್ಕೆ ಸಾಗುತ್ತದೆ. ಹೀಗೆ 1,500 ಮೀಟರಿಗಿಂತ ಎತ್ತರದ ದಿಬ್ಬಗಳೇ ತಡೆಗೋಡೆಗಳಾಗಿ ನಿಲ್ಲುತ್ತವೆ. ಬಳಿಕ ಗಟ್ಟಿ ಹುಲ್ಲುಗಳು, ದಂಟಿನ ಜಾತಿಯ ಅಲ್ಪಾಯು ಸಸ್ಯಗಳು, ಪೊದೆಗಳು, ಕಳ್ಳಿಗಳು, ಕೊನೆಗೆ ಬಿಲ ತೋಡುವ ಪ್ರಾಣಿಗಳು ಮತ್ತು ಅವನ್ನು ಬೇಟೆಯಾಡುವ ಹಕ್ಕಿಗಳು. ಗ್ರಹದ ಹಸಿರು ಸಸ್ಯಾಂಶದ ಶೇಕಡಾ 3ರಷ್ಟು ಇಂಗಾಲದ ಸಂಯುಕ್ತಗಳನ್ನು ಕಟ್ಟುವ ಕೆಲಸಕ್ಕೆ ತೊಡಗಿದರೆ ಚಕ್ರ ತಾನಾಗಿ ತಿರುಗತೊಡಗುತ್ತದೆ ಎಂಬುದು ತಂದೆಯ ಲೆಕ್ಕ. ಕಾಲಾವಧಿ 300ರಿಂದ 500 ವರ್ಷ. ನೆಟ್ಟವರಾಗಲಿ ಅವರ ಮೊಮ್ಮಕ್ಕಳಾಗಲಿ ಫಲವನ್ನು ಕಾಣರು. ಆದರೂ ಫ್ರೆಮೆನ್ನರು ಇಬ್ಬನಿಯ ಹನಿಹನಿಯನ್ನೂ ಕೂಡಿಟ್ಟು, ನೆಲದಡಿಯ ಕೊಳಗಳಲ್ಲಿ ನೀರನ್ನು ಮುಟ್ಟದೆ ಕಾಪಾಡಿದರು. ದಕ್ಷಿಣದ ನೆಡುತೋಪುಗಳನ್ನು ಆಕಾಶದಿಂದ ಯಾರೂ ನೋಡದಿರಲೆಂದು ಅಂತರಿಕ್ಷ ಸಾರಿಗೆಯ ಸಂಘಕ್ಕೆ ಮಸಾಲೆಯನ್ನು ಲಂಚವಾಗಿ ತೆತ್ತರು. ಇಂಥ ಕಾರ್ಯವನ್ನು ಸದ್ದಿಲ್ಲದೆ ನಡೆಸಿಕೊಂಡು ಹೋದ ಆಡಳಿತಗಾರ ಲಿಯೆಟ್. ಯುದ್ಧ ಗೆದ್ದವನ ಕೀರ್ತಿ ಇದಕ್ಕೆ ಸಿಗುವುದಿಲ್ಲ, ನಿಜ. ಆದರೆ ಇಡೀ ಸರಣಿಯಲ್ಲಿ ಇದಕ್ಕಿಂತ ಕಠಿನವಾದ ಕೆಲಸವನ್ನು ಬೇರಾರೂ ಮಾಡಿಲ್ಲ.

ಈ ಹುಲ್ಲಿನ ಕಥೆಗೆ ಭೂಮಿಯ ಮೇಲೆಯೇ ಮೂಲವಿದೆ. 1957ರಲ್ಲಿ ಹರ್ಬರ್ಟ್ ಅಮೆರಿಕದ ಆರೆಗಾನ್ ರಾಜ್ಯದ ಫ್ಲಾರೆನ್ಸ್ ಪಟ್ಟಣಕ್ಕೆ ಹೋಗಿ, ರಸ್ತೆಗಳನ್ನೂ ಮನೆಗಳನ್ನೂ ನುಂಗುತ್ತಿದ್ದ ಕಡಲತೀರದ ಮರಳುದಿಬ್ಬಗಳನ್ನು ಕೃಷಿ ಇಲಾಖೆಯವರು ಹುಲ್ಲು ನೆಟ್ಟು ತಡೆಯುತ್ತಿದ್ದುದನ್ನು ನೋಡಿದ್ದರು. ಬರೆಯಬೇಕೆಂದಿದ್ದ ಪತ್ರಿಕಾ ಲೇಖನ ಆಗ ಪ್ರಕಟವಾಗದೆ ಉಳಿಯಿತು. ಬದಲಿಗೆ ಕಾದಂಬರಿ ಹುಟ್ಟಿತು. ಆ ಹುಲ್ಲು ಯೂರೋಪಿನಿಂದ ತಂದದ್ದು. ಅದು ಮರಳನ್ನು ನಿಲ್ಲಿಸಿತು, ಬಳಿಕ ತಾನು ನಿಲ್ಲಲಿಲ್ಲ. ಸ್ಥಳೀಯ ಸಸ್ಯಗಳನ್ನು ಒತ್ತರಿಸಿತು. ತೆರೆದ ಮರಳಿನಲ್ಲಿ ಮೊಟ್ಟೆಯಿಡುವ ಪುಟ್ಟ ತೀರಹಕ್ಕಿಯೊಂದು 1993ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರುವುದಕ್ಕೆ ಈ ಹುಲ್ಲೂ ಒಂದು ಕಾರಣವಾಯಿತು. ಅದೇ ತೀರದಲ್ಲಿ ಆ ಹುಲ್ಲನ್ನು ಕಿತ್ತುಹಾಕುವ ಕೆಲಸವೂ ಮುಂದೆ ನಡೆಯಿತು. ಒಂದು ನೆಲವನ್ನು ‘ಸರಿಪಡಿಸುವ’ ಯೋಜನೆ ಎಷ್ಟು ಸದುದ್ದೇಶದ್ದಾದರೂ ಅದನ್ನು ತಿದ್ದಿಕೊಳ್ಳಲು ಕಾಲಾವಕಾಶ ಬೇಕು. ಕೈನ್ಸ್‌ರ ಯೋಜನೆಯ ನಿಜವಾದ ಬೆಲೆ ಇದ್ದುದು ಅದರ ನಿಧಾನದಲ್ಲಿ.

ಆ ನಿಧಾನವನ್ನು ಕೈಬಿಟ್ಟವನೂ ಲಿಯೆಟ್‌ನೇ ಎಂಬುದು ಅವನ ಮೇಲಿನ ಮುಖ್ಯ ಆರೋಪ. ಅಟ್ರೈಡಿಸ್ ಮನೆತನದ ನಾಶದಲ್ಲಿ ಚಕ್ರವರ್ತಿಯ ಸೈನಿಕರೇ ಹಾರ್ಕೋನೆನ್ ಸಮವಸ್ತ್ರ ತೊಟ್ಟು ಪಾಲ್ಗೊಂಡಿದ್ದರು. ಮಹಾಮನೆತನಗಳೆಲ್ಲ ಅತಿಯಾಗಿ ಹೆದರುತ್ತಿದ್ದುದು ಇಂಥದಕ್ಕೇ. ಇದನ್ನು ಅಧಿಕೃತವಾಗಿ ನುಡಿಯಬಲ್ಲ ಸಾಕ್ಷಿಯಾಗಿ ನ್ಯಾಯಾಧಿಕಾರಿ ಕೈನ್ಸ್ ಇದ್ದ. ಆದರೆ ಅವನು ಕಣ್ಣು ಮುಚ್ಚಿಕೊಂಡಿರಬೇಕೆಂಬ ಆದೇಶದೊಡನೆ ಬಂದಿದ್ದವನು; ದಾಳಿಯ ತನಕ ಹಾಗೆಯೇ ಇದ್ದ. ತರುವಾಯ, ಪಾಳುಬಿದ್ದ ಸಸ್ಯ ಪರೀಕ್ಷಾ ಕೇಂದ್ರವೊಂದರಲ್ಲಿ ಅಡಗಿದ್ದ ಹದಿಹರೆಯದ ಪೌಲ್, ತಾನು ಸಿಂಹಾಸನವೇರಿದರೆ ಈ ಗ್ರಹವನ್ನು ಕೈಬೀಸಿ ನಂದನವನ ಮಾಡಬಲ್ಲೆನೆಂದು ಆಸೆ ತೋರಿಸುತ್ತಾನೆ. ತನ್ನ ನಿಷ್ಠೆ ಮಾರಾಟಕ್ಕಿಲ್ಲವೆಂದು ಕೈನ್ಸ್ ಮೊದಲು ಸೆಟೆಯುತ್ತಾನೆ. ಪೌಲ್ ಪ್ರತಿಯಾಗಿ ತನ್ನದೇ ನಿಷ್ಠೆಯನ್ನೂ ಪ್ರಾಣವನ್ನೂ ಮುಂದಿಟ್ಟಾಗ ಕರಗಿಬಿಡುತ್ತಾನೆ. ತಲೆಮಾರುಗಳ ಬೆವರು ಒಂದು ಭೇಟಿಯಲ್ಲಿ ಒಬ್ಬ ಯುವಕನ ಪಾಲಾಯಿತು. ಫ್ರೆಮೆನ್ನರನ್ನು ಆಗಲೂ ಯಾರೂ ಕೇಳಲಿಲ್ಲ.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಪೌಲ್‌ನ ತಂದೆ ಮಸಾಲೆಯ ರಾಶಿಯನ್ನೇ ಬಿಟ್ಟುಕೊಟ್ಟು ಕಾರ್ಮಿಕರ ಪ್ರಾಣ ಉಳಿಸಿದ್ದನ್ನು ಕೈನ್ಸ್ ಕಣ್ಣಾರೆ ಕಂಡಿದ್ದ. ಅಂಥ ಅರಸನನ್ನು ಅವನು ಮೊದಲು ಕಂಡಿರಲಿಲ್ಲ. ಮೇಲಾಗಿ ಅವನ ಕೈಗೆ ಬಂದದ್ದು ಪ್ರಶ್ನಿಸಲು ಕಲಿತ ಸಮುದಾಯವಲ್ಲ. ಜನಸಾಮಾನ್ಯರಿಗೆ ಕಾನೂನೂ ಧರ್ಮವೂ ಒಂದೇ ಆಗಬೇಕು, ಅವಿಧೇಯತೆ ಪಾಪವೆನಿಸಬೇಕು ಎಂಬುದು ತಂದೆಯ ಬೋಧನೆಯಾಗಿತ್ತು. ವಿಜ್ಞಾನವನ್ನು ನಂಬಿಕೆಯಾಗಿಸಿ ಹಂಚಿದ ಮೇಲೆ ಆ ನಂಬಿಕೆಯನ್ನು ಬೇರೊಬ್ಬ ಪ್ರವಾದಿ ತನ್ನತ್ತ ತಿರುಗಿಸಿಕೊಳ್ಳುವುದು ಕಷ್ಟವಾಗಲಿಲ್ಲ. ತಂದೆ ತೋಡಿಟ್ಟ ಕಾಲುವೆಯಲ್ಲಿ ಬೇರೆ ನೀರು ಹರಿಯಿತು.

ಮುಂದಿನದನ್ನು ಸರಣಿಯ ಇತರ ಸಂಪುಟಗಳು ಹೇಳುತ್ತವೆ. ಪೌಲ್‌ನ ಹೆಸರಿನಲ್ಲಿ ಗ್ರಹಗ್ರಹಗಳಿಗೆ ಧರ್ಮಯುದ್ಧ ಹಬ್ಬುತ್ತದೆ. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ ಹೊತ್ತಿಗೆ ಹಸಿರು ಅತಿವೇಗದಲ್ಲಿ ಹರಡಿ, ತೇವವನ್ನು ತಾಳಲಾರದ ಮರಳುಹುಳುಗಳ ಬಾಳೇ ಸಂಶಯಕ್ಕೆ ಬೀಳುತ್ತದೆ, ಅವುಗಳಿಲ್ಲದೆ ಮಸಾಲೆಯಿಲ್ಲ. 1981ರ ‘ಗಾಡ್ ಎಂಪರರ್ ಆಫ್ ಡ್ಯೂನ್’ನಲ್ಲಿ ಉಳಿದಿರುವುದು ಬೇಲಿಯೊಳಗಿನಂಥ ಒಂದು ತುಂಡು ಮರಳುಗಾಡು, ವಸ್ತುಸಂಗ್ರಹಾಲಯದ ಬೊಂಬೆಗಳಂತಾದ ಫ್ರೆಮೆನ್ನರು.

ಕೈನ್ಸ್‌ನ ಸಾವಿನ ಅಧ್ಯಾಯ ಚಿಕ್ಕದು. ದೇಹದ ತೇವವನ್ನು ಹಿಡಿದಿಟ್ಟು ಮರಳಿ ಕುಡಿಯಲು ಕೊಡುವ ಉಡುಪನ್ನು ಕಿತ್ತುಕೊಂಡು ಹಾರ್ಕೋನೆನ್ನರು ಅವನನ್ನು ಮರಳಿಗೆ ಎಸೆದಿದ್ದಾರೆ. ಜ್ವರದ ಮಂಪರಿನಲ್ಲಿ ಸತ್ತ ತಂದೆ ಪಾಠ ಹೇಳುತ್ತಿದ್ದಾನೆ. ಒಂದು ಜನಸಮುದಾಯ ನಾಯಕಪುರುಷನ ಕೈಗೆ ಸಿಕ್ಕಿಬೀಳುವುದಕ್ಕಿಂತ ದೊಡ್ಡ ವಿಪತ್ತಿಲ್ಲವೆಂಬ ಎಚ್ಚರಿಕೆಯನ್ನು ಆಗ ಕೊಡುತ್ತಾನೆ, ಎಲ್ಲ ಮುಗಿದ ಮೇಲೆ. ಮರಳಿನಡಿ ಅನಿಲ ಗುಳ್ಳೆಯಾಗಿ ಏಳುತ್ತಿರುವುದನ್ನು ಕೈನ್ಸ್ ವಾಸನೆಯಿಂದಲೇ ಗುರುತಿಸುತ್ತಾನೆ, ಮುಂದೇನಾಗುವುದೆಂದೂ ಬಲ್ಲ, ಏಳಲು ಶಕ್ತಿಯಿಲ್ಲ. 2021ರ ಚಲನಚಿತ್ರದಲ್ಲಿ ಕೈನ್ಸ್ ಪಾತ್ರವನ್ನು ಶರಾನ್ ಡಂಕನ್ ಬ್ರೂಸ್ಟರ್ ಎಂಬ ನಟಿ ಸಮರ್ಥವಾಗಿ ನಿರ್ವಹಿಸಿದ್ದಾರೆ. ಅಲ್ಲಿನ ಸಾವಿಗೂ ಗಾಂಭೀರ್ಯವಿದೆ. ಆದರೆ ತಂದೆಯ ಈ ಕೊನೆಯ ಪಾಠ ಅದರಲ್ಲಿಲ್ಲ. ಅದಕ್ಕೆ ಪುಸ್ತಕವನ್ನೇ ತೆರೆಯಬೇಕು.