ಓಲೆ ನಿಂತುದೆಲ್ಲಿ?

ಅಂಚೆಗೆ ಹಾಕಿದ ಕಾಗದವು ತಲುಪದಿದ್ದರೆ ಹಿರಿಯರು ಅಂಚೆಯಣ್ಣನನ್ನು ವಿಚಾರಿಸುತ್ತಿದ್ದರು. ಮಿಂಚಂಚೆಯು ತಲುಪದಿದ್ದರೆ ವಿಚಾರಿಸುವುದು ಯಾರನ್ನು? 'ಕಳುಹಿಸಲಾಗಲಿಲ್ಲ' ಎಂದಷ್ಟೇ ತಿಳಿಸಿ ಕಂಪ್ಯೂಟರು ಮೌನ ತಾಳುತ್ತದೆ. ಅಪವಾದವು ಬಹುಮಟ್ಟಿಗೆ ಅದರ ಮುಂದೆ ಕುಳಿತವರ ತಲೆಗೆ ಬರುತ್ತದೆ.

ನಮ್ಮ ಶಾಲೆಯಲ್ಲಿ ಈಚೆಗೆ ಹೀಗೆಯೇ ಆಯಿತು. ಹೊಸ ಜಾಲಸಂಪರ್ಕ ಬಂದ ವಾರವದು. ವಿದ್ಯಾರ್ಥಿವೇತನಕ್ಕೆ ಅರ್ಹರಾದ ಮಕ್ಕಳ ಪಟ್ಟಿಯನ್ನು ಕಳುಹಿಸಲು ಎರಡೇ ದಿನಗಳು ಉಳಿದಿದ್ದವು. ಥಂಡರ್‌ಬರ್ಡ್ ಎಂಬ ಅಂಚೆ ತಂತ್ರಾಂಶದಲ್ಲಿ ಬರುವ ಓಲೆಗಳು ಬರುತ್ತಿದ್ದವು. ಹೋಗಬೇಕಾದುದು ಮಾತ್ರ ಹೋಗಲೊಲ್ಲದು. ಗುಮಾಸ್ತರು ಪಾಸ್‌ವರ್ಡನ್ನು ಕೆಡಿಸಿದರೆಂದು ಕೆಲವರು ಆಡಿಕೊಂಡರು. ನಾವು ವೈರ್‌ಶಾರ್ಕನ್ನು ತೆರೆದೆವು.

ಜಾಲದಲ್ಲಿ ಓಲೆಯು ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಸಾಗುತ್ತದೆ. ಅವುಗಳ ನಕಲನ್ನು ಹಿಡಿದು, ಯಾವುದು ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಸಾಲುಸಾಲಾಗಿ ತೋರಿಸುವ ಉಚಿತ ತಂತ್ರಾಂಶವಿದು. ಜೆರಾಲ್ಡ್ ಕೋಂಬ್ಸ್ ಎಂಬವರು 1998ರಲ್ಲಿ 'ಈಥೀರಿಯಲ್' ಎಂಬ ಹೆಸರಿನಿಂದ ಹೊರತಂದ ಇದು 2006ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಓದುವ ಕ್ರಮವು ಸರಳವಾದುದು. ಮೊದಲನೆಯದು ವಿಳಾಸದ ವಿಚಾರಣೆ. ಸರ್ವರಿನ ಹೆಸರನ್ನು ಕೊಟ್ಟು ಅದರ ಅಂಕೆಯ ವಿಳಾಸವನ್ನು ಡಿಎನ್‌ಎಸ್ ಮೂಲಕ ಕೇಳಲಾಗುತ್ತದೆ. ಅಂತಹ ಹೆಸರಿಲ್ಲವೆಂದು ಉತ್ತರ ಬಂದರೆ ಹೆಸರಿನ ಕಾಗುಣಿತವನ್ನು ನೋಡಬೇಕು. ಎರಡನೆಯದು ಬಾಗಿಲು ತಟ್ಟುವುದು. ನಮ್ಮ ಯಂತ್ರವು 'ಸಿನ್' ಎಂದು ಕೂಗಿದರೆ ಆಚೆಯದು 'ಸಿನ್-ಆಕ್' ಎಂದು ಓಗೊಡಬೇಕು. 'ಆರ್‌ಎಸ್‌ಟಿ' ಎಂದು ಬಂದರೆ ನಿರಾಕರಣೆ. ಏನೂ ಬಾರದಿದ್ದರೆ ನಡುದಾರಿಯಲ್ಲಿ ತಡೆಯಿರುವ ಸಂಭವವೇ ಹೆಚ್ಚು. ಮೂರನೆಯದು ಸಂಭಾಷಣೆ. 220 ಎಂದರೆ ಸ್ವಾಗತ. 535 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿತವಾಗಲಿಲ್ಲ. ಟಿಎಲ್‌ಎಸ್ ಎಂಬ ಗೂಢಲಿಪಿಯು ಆರಂಭವಾದ ಮೇಲಿನ ಮಾತುಗಳು ಕಾಣಿಸವಾದರೂ ಅದಕ್ಕೆ ಹಿಂದಿನ ಹೆಜ್ಜೆಗಳು ಕಾಣುತ್ತವೆ.

ನಮ್ಮಲ್ಲಿ ವಿಳಾಸವು ದೊರೆತಿತ್ತು. 25ನೆಯ ಪೋರ್ಟಿಗೆ ಹೋದ ಸಿನ್ ಮಾತ್ರ ಒಂದು ಸೆಕೆಂಡಿನ ಬಳಿಕ, ಮತ್ತೆರಡು ಸೆಕೆಂಡಿನ ಬಳಿಕ, ಮತ್ತೆ ನಾಲ್ಕರ ಬಳಿಕ ಕೂಗಿ ಕೂಗಿ ಸೋತಿತು. ಪಾಸ್‌ವರ್ಡನ್ನು ಕೇಳುವ ಹಂತವೇ ಬಂದಿರಲಿಲ್ಲ! ಗುಮಾಸ್ತರ ಮೇಲಿನ ಅಪವಾದವು ಅಲ್ಲಿಗೇ ಬಿದ್ದುಹೋಯಿತು. ಬೇಡದ ಓಲೆಗಳ ಹಾವಳಿಯನ್ನು ತಡೆಯಲು ಅನೇಕ ಜಾಲಸೇವೆಯವರು 25ನ್ನು ಮುಚ್ಚಿಡುವುದುಂಟು. ಬಳಕೆದಾರರು ಓಲೆಯನ್ನು ಒಪ್ಪಿಸುವುದಕ್ಕೆಂದೇ ಇರುವ 587ನ್ನು ನಮೂದಿಸಿ, ಸ್ಟಾರ್ಟ್‌ಟಿಎಲ್‌ಎಸ್ ಎಂಬುದನ್ನು ಆಯ್ದೊಡನೆ ಪಟ್ಟಿಯು ಹೊರಟಿತು.

ಓದುಗ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಹಿಡಿಯುವುದು ತಮ್ಮ ಯಂತ್ರದ ಸಂಚಾರವನ್ನು ಮಾತ್ರ; ಪರರ ಕಾಗದವನ್ನು ಒಡೆದು ಓದುವುದು ಅಂದೂ ಸಲ್ಲದು, ಇಂದೂ ಸಲ್ಲದು. ಗೂಢಲಿಪಿಯಿಲ್ಲದ ಸಂಪರ್ಕದಲ್ಲಿ ಪಾಸ್‌ವರ್ಡು 'ಬೇಸ್64' ಎಂಬ ವೇಷದಲ್ಲಿ ಹೋಗುವುದುಂಟು; ಆ ವೇಷವನ್ನು ಯಾರೂ ಕಳಚಬಲ್ಲರು. ಆದುದರಿಂದ ಹಿಡಿದಿಟ್ಟ ಕಡತವನ್ನು ಕಂಡವರಿಗೆ ಕೊಡದೆ, ಕೆಲಸ ಮುಗಿದೊಡನೆ ಅಳಿಸುವುದು ಲೇಸು. ದುರಸ್ತಿಯವರನ್ನು ಕರೆಯುವ ಮುನ್ನ ವೇಳೆ, ಸರ್ವರಿನ ಹೆಸರು, ಪೋರ್ಟಿನ ಅಂಕೆ, ಕೊನೆಗೆ ಕಂಡ ಸಾಲು ಈ ನಾಲ್ಕನ್ನೂ ಚೀಟಿಯಲ್ಲಿ ಬರೆದಿಡಿರಿ. ಅರ್ಧ ದಿನದ ಹುಡುಕಾಟವು ಉಳಿಯುವುದು.