ವಕೀಲರ ಮೇಲಿನ ದೂರಿಗೆ ವಕೀಲರೇ ಜಡ್ಜು

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಗೇಟಿಗೆ ವಕೀಲರ ಬೋರ್ಡು ಇರುವುದನ್ನು ನೀವೂ ನೋಡಿರುತ್ತೀರಿ. ನಮ್ಮೂರುಗಳ ಜನ ರಾತ್ರಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ಪಹಣಿ, ಕ್ರಯಪತ್ರಗಳ ಚೀಲ ಹಿಡಿದು ಬರುವುದು ಈ ಗೇಟುಗಳಿಗೇ. ಒಳ್ಳೆಯ ವಕೀಲರು ಸಿಕ್ಕರೆ ಪುಣ್ಯ. ಫೀಸು ಬಾಕಿ ಇದೆಯೆಂದು ಫೈಲನ್ನೇ ಕೊಡದವರು ಸಿಕ್ಕರೆ?

2012ರ ಮಾರ್ಚ್ 2ರಂದು ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ವರದಿಗಾರರ ಮೇಲೆ ನಡೆದ ಹಲ್ಲೆಯ ಸಿಟ್ಟಿನಿಂದ ಇದನ್ನು ಬರೆಯುತ್ತಿದ್ದೇವೆ ಎಂದುಕೊಳ್ಳಬೇಡಿ. ಅಂದು ಏಟು ತಿಂದವರಿಗೆ ಕ್ಯಾಮೆರಾ ಇತ್ತು, ಸುದ್ದಿಮನೆ ಇತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಬಿಐಗೇ ಕೊಟ್ಟಿತು. ಫೈಲು ಸಿಗದ ರೈತನಿಗೆ ಏನಿದೆ?

ಗ್ರಾಹಕ ನ್ಯಾಯಾಲಯ ಇಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ವೃತ್ತಿ ದುರ್ನಡತೆಯ ದೂರಿಗೆ ಉಳಿದದ್ದು ರಾಜ್ಯ ವಕೀಲರ ಪರಿಷತ್ತಿನ ಬಾಗಿಲು. ಅಲ್ಲಿ ಕೂತವರು ಯಾರು? 1961ರ ವಕೀಲರ ಕಾಯ್ದೆಯ ಪ್ರಕಾರ ಶಿಸ್ತು ಸಮಿತಿಯಲ್ಲಿ ಮೂವರು. ಮೂವರೂ ವಕೀಲರೇ. ಅವರಲ್ಲಿ ಇಬ್ಬರು ಪರಿಷತ್ತಿನ ಸದಸ್ಯರು. ಆ ಪರಿಷತ್ತನ್ನು ಓಟು ಹಾಕಿ ಗೆಲ್ಲಿಸುವವರೂ ವಕೀಲರೇ. ದೂರು ಕೊಟ್ಟವನಿಗೆ ಓಟಿಲ್ಲ, ದೂರಿಗೆ ಒಳಗಾದವರಿಗೆ ಇದೆ.

ಒಂದು ವರ್ಷದಲ್ಲಿ ತೀರ್ಮಾನ ಆಗದಿದ್ದರೆ ಪ್ರಕರಣ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಕಾನೂನು ಇದನ್ನು ವಿಳಂಬಕ್ಕೆ ಮದ್ದು ಎಂದುಕೊಂಡಿದೆ. ಶಿರಾದಿಂದಲೋ ಸಿಂಧನೂರಿನಿಂದಲೋ ಬರುವವನಿಗೆ ಅದೇ ಶಿಕ್ಷೆ. ಆರ್.ಡಿ. ಸಕ್ಸೇನಾ ಪ್ರಕರಣ ನೋಡಿ. ಫೀಸಿಗಾಗಿ ಫೈಲು ಹಿಡಿದಿಟ್ಟ ಆ ವಕೀಲರ ಮೇಲೆ ದೂರು ಕೊಟ್ಟದ್ದು ಮಧ್ಯಪ್ರದೇಶದ ಸಹಕಾರಿ ಬ್ಯಾಂಕು. ರಾಜ್ಯ ಪರಿಷತ್ತು ವರ್ಷದೊಳಗೆ ಮುಗಿಸಲಿಲ್ಲ, ದೆಹಲಿಗೆ ಹೋಯಿತು. ಫೀಸು ಬಾಕಿಗೆ ಕಕ್ಷಿದಾರನ ಕಾಗದ ಅಡವಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೆ 18 ತಿಂಗಳ ಅಮಾನತನ್ನು ಬರೀ ಛೀಮಾರಿಗೆ ಇಳಿಸಿತು. ಬ್ಯಾಂಕಿಗೇ ಈ ಸುತ್ತಾಟವಾದರೆ ಎರಡೆಕರೆಯವನ ಗತಿ?

ವಕೀಲರ ಮೇಲೆ ಸರ್ಕಾರದ ಹಿಡಿತ ಬೇಡ ಎಂಬ ವಾದ ಸರಿ. ಸರ್ಕಾರದ ವಿರುದ್ಧ ನಮ್ಮ ಜನರ ಪರ ನಿಲ್ಲುವವರೂ ಅವರೇ. ಆದರೆ ನಾವು ಕೇಳುತ್ತಿರುವುದು ಸರ್ಕಾರವನ್ನಲ್ಲ, ಹೊರಗಿನ ಒಂದು ಕಣ್ಣನ್ನು. ಇಂಗ್ಲೆಂಡಿನ ಸಾಲಿಸಿಟರುಗಳ ಶಿಸ್ತು ನ್ಯಾಯಮಂಡಳಿಯಲ್ಲಿ ವಕೀಲರಲ್ಲದ ಸದಸ್ಯರೂ ಕೂರುತ್ತಾರೆ. ಅಲ್ಲಿ ವಕೀಲಿಕೆ ಮುಳುಗಿಲ್ಲ.

ಸಮಿತಿಯ ರಚನೆ ಬದಲಿಸುವುದು ಸಂಸತ್ತಿನ ಕೆಲಸ. ಅಲ್ಲಿಯವರೆಗೆ ಅಂಬೇಡ್ಕರ್ ವೀದಿಯ ಪರಿಷತ್ತು ಇಷ್ಟಾದರೂ ಮಾಡಲಿ: ವರ್ಷಕ್ಕೆ ಎಷ್ಟು ದೂರು ಬಂತು, ಎಷ್ಟು ತೀರಿತು, ಎಷ್ಟು ದೆಹಲಿಗೆ ಹೋಯಿತು ಎಂದು ಕನ್ನಡದಲ್ಲಿ ಪ್ರಕಟಿಸಲಿ. ದೂರನ್ನು ಕನ್ನಡದಲ್ಲೇ ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ಅದನ್ನು ಪ್ರತಿ ತಾಲ್ಲೂಕು ಕೋರ್ಟಿನ ಗೋಡೆಗೆ ಅಂಟಿಸಲಿ.

ಕರಿಕೋಟಿನ ಗೌರವ ಉಳಿಸಿರುವ ವಕೀಲರು ಸಾವಿರಾರು ಮಂದಿ ಇದ್ದಾರೆ. ಈ ಬೇಡಿಕೆಯನ್ನು ನಮಗಿಂತ ಮೊದಲು ಅವರು ಎತ್ತಬೇಕಿತ್ತು.