ಮೂರನೆಯ ಭಾಷೆಯ ಹೊಣೆ ಯಾರದು?

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಇಂಗ್ಲಿಷ್. ಈ ಹಾದಿಯನ್ನು ಕರಾವಳಿಯ ನಮ್ಮ ಕುಟುಂಬಗಳು ಚೆನ್ನಾಗಿ ಬಲ್ಲವು. ಚೀನಾದ ಅಲ್ಪಸಂಖ್ಯಾತ ಜನಾಂಗಗಳ ವಿದ್ಯಾರ್ಥಿಗಳದೂ ಇಂಥದೇ ಹಾದಿ. ಆದರೆ ಅಲ್ಲಿನ ಏರು ಇನ್ನಷ್ಟು ಕಡಿದಾದುದು.

ಬಹುಸಂಖ್ಯಾತ ಹಾನ್ ಜನರಲ್ಲದೆ ಬೇರೆ 55 ಜನಾಂಗಗಳಿಗೆ ಆ ದೇಶದಲ್ಲಿ ಸರಕಾರದ ಮಾನ್ಯತೆಯಿದೆ. 2020ರ ಜನಗಣತಿಯಂತೆ ಅವರ ಸಂಖ್ಯೆ ಸುಮಾರು 12.5 ಕೋಟಿ. ಮನೆಯಲ್ಲಿ ಟಿಬೆಟನ್ ಅಥವಾ ಉಯ್ಘುರ್ ಆಡಿ ಬೆಳೆದ ಹುಡುಗನಿಗೆ ಚೀನೀ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಪ್ರಾಥಮಿಕ 3ನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು 2001ರಲ್ಲಿ ಆದೇಶವಾಯಿತಾದರೂ ಶಿಕ್ಷಕರೇ ಇಲ್ಲದ ದೂರದ ಊರುಗಳಲ್ಲಿ ಅದು ಬಹಳ ತಡವಾಗಿ ತಲುಪಿತು. ತಲುಪಿದಲ್ಲಿಯೂ ಪದಗಳ ಅರ್ಥ, ವ್ಯಾಕರಣದ ವಿವರಣೆ ಸಾಮಾನ್ಯವಾಗಿ ಚೀನೀಯಲ್ಲೇ. ಇನ್ನೂ ಪೂರ್ತಿ ಕೈವಶವಾಗದ ಭಾಷೆಯೊಂದರ ಮೂಲಕ ಮತ್ತೊಂದನ್ನು ಕಲಿಯಬೇಕು. 1987ರಲ್ಲಿ ಆರಂಭವಾದ ಕಾಲೇಜು ಇಂಗ್ಲಿಷ್ ಪರೀಕ್ಷೆಯಲ್ಲಿ 2013ರಿಂದ ಚೀನೀ ಪರಿಚ್ಛೇದವೊಂದನ್ನು ಇಂಗ್ಲಿಷಿಗೆ ಭಾಷಾಂತರಿಸಬೇಕಾಗಿದೆ. ಶೇಕಡಾ 15 ಅಂಕಗಳು ಅದಕ್ಕೇ ಮೀಸಲು. ಪರೀಕ್ಷೆ ಒಂದು ಭಾಷೆಯದು, ಒರೆಗೆ ಹಚ್ಚುವುದು ಎರಡನ್ನು.

ತನ್ನ ಕಲಿಕೆಯ ಹೊಣೆಯನ್ನು ವಿದ್ಯಾರ್ಥಿಯೇ ಹೊರಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. 2004ರ ಚೀನೀ ಕಾಲೇಜು ಇಂಗ್ಲಿಷ್ ಪಠ್ಯಕ್ರಮವೂ ಗಣಕಯಂತ್ರದ ನೆರವಿನ ಸ್ವಯಂಕಲಿಕೆಗೆ ಒತ್ತುಕೊಟ್ಟಿತು. ಮಾತೇನೋ ಒಳ್ಳೆಯದೇ. ಆದರೆ ಈ ವಿಚಾರವನ್ನು ಪ್ರಚಾರಕ್ಕೆ ತಂದ ಫ್ರಾನ್ಸಿನ ಹೆನ್ರಿ ಹೊಲೆಕ್ ಅವರು ಇದು ಹುಟ್ಟಿನಿಂದ ಬರುವ ಶಕ್ತಿಯಲ್ಲ, ಗಳಿಸಿಕೊಳ್ಳಬೇಕಾದುದು ಎಂದೂ ಹೇಳಿದ್ದರು. ಆ ಭಾಗವನ್ನು ಮರೆಯುವುದು ಆಡಳಿತಗಾರರಿಗೆ ಅನುಕೂಲ: ಹಿಂದುಳಿದವನಿಗೆ ಛಲವಿಲ್ಲವೆಂದು ಹೇಳಿ ಕೈತೊಳೆದುಕೊಳ್ಳಬಹುದಲ್ಲ!

ವಾಸ್ತವದಲ್ಲಿ ಛಲಕ್ಕೇನೂ ಕೊರತೆಯಿಲ್ಲ. ನಸುಕಿನಲ್ಲೆದ್ದು ಆವರಣದ ಮರಗಳಡಿ ಗಟ್ಟಿಯಾಗಿ ಓದುವುದು, ಇಂಗ್ಲಿಷಿನಲ್ಲಷ್ಟೇ ಮಾತನಾಡುವ ಕೂಟಗಳನ್ನು ಸೇರುವುದು ಅಲ್ಲಿ ಹಳೆಯ ರೂಢಿ. ಇವಕ್ಕಿಂತ ಬೆಲೆಯುಳ್ಳ ಆಸರೆಯೊಂದು ಈ ವಿದ್ಯಾರ್ಥಿಗಳ ಮನೆಮಾತಿನಲ್ಲೇ ಇದೆ. ಚೀನೀ ವಾಕ್ಯದಲ್ಲಿ ಇಂಗ್ಲಿಷಿನಂತೆ ಕ್ರಿಯಾಪದ ಕರ್ಮಕ್ಕಿಂತ ಮೊದಲು ಬರುತ್ತದೆ. ಟಿಬೆಟನ್, ಉಯ್ಘುರ್ ವಾಕ್ಯಗಳಲ್ಲಿ ನಮ್ಮ ಕನ್ನಡದಂತೆ ಕೊನೆಗೆ. (ಬೈಲಕುಪ್ಪೆಯ ಫಲಕಗಳಲ್ಲಿ ನಾವು ಕಾಣುವ ಟಿಬೆಟನ್ ಲಿಪಿಯೂ ನಮ್ಮದರಂತೆ ಬ್ರಾಹ್ಮಿಯ ಸಂತತಿ.) ಹಾನ್ ಹುಡುಗನು ಎಡವದ ಕಡೆ ಟಿಬೆಟನ್ ಹುಡುಗಿ ಎಡವಿದರೆ ಅದು ದಡ್ಡತನವಲ್ಲ. ಎರಡು ವಾಕ್ಯಗಳನ್ನು ಅಕ್ಕಪಕ್ಕ ಬರೆದು ವ್ಯತ್ಯಾಸವನ್ನು ಕಂಡುಕೊಂಡಾಗಲೇ ಕಲಿಕೆ ಅವಳ ಕೈಗೆ ಬರುತ್ತದೆ. ಆದರೆ ಆ ಟಿಪ್ಪಣಿಯನ್ನು ತಿದ್ದಲು ಅವಳ ಭಾಷೆ ಬಲ್ಲ ಇಂಗ್ಲಿಷ್ ಅಧ್ಯಾಪಕರು ಬೇಕು.

ಈ ಆಸರೆಯೇ ಈಗ ಕುಸಿಯುತ್ತಿದೆ. 2020ರಲ್ಲಿ ಒಳ ಮಂಗೋಲಿಯದ ಮಂಗೋಲ್ ಶಾಲೆಗಳಲ್ಲಿ ಭಾಷೆ, ರಾಜಕೀಯ ಮತ್ತು ಇತಿಹಾಸದ ಪಾಠಗಳನ್ನು ಚೀನೀ ಮಾಧ್ಯಮಕ್ಕೆ ಬದಲಿಸುವ ಕ್ರಮ ಆರಂಭವಾದಾಗ ಪಾಲಕರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಪ್ರತಿಭಟಿಸಿದರು. ಕ್ರಮ ಮಾತ್ರ ನಿಲ್ಲಲಿಲ್ಲ.

ಪದವಿಗೆ ಮುನ್ನ ಅನೇಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಒಂದೆರಡು ವರ್ಷಗಳ ಸಿದ್ಧತಾ ತರಗತಿಗಳಿರುತ್ತವೆ. ಅಲ್ಲಿ ಮನೆಮಾತನ್ನು ಆಧಾರವಾಗಿಟ್ಟು ಇಂಗ್ಲಿಷ್ ಕಲಿಸುವುದು ಅಸಾಧ್ಯವೇನಲ್ಲ. 1951ರಲ್ಲಿ ಬೀಜಿಂಗಿನಲ್ಲಿ ಅಲ್ಪಸಂಖ್ಯಾತರಿಗೆಂದೇ ತೆರೆದ, ಇಂದಿನ ಮಿನ್ಜು ವಿಶ್ವವಿದ್ಯಾನಿಲಯದಲ್ಲಿ ಟಿಬೆಟನ್, ಉಯ್ಘುರ್, ಮಂಗೋಲ್ ಭಾಷೆಗಳ ವಿದ್ವಾಂಸರೂ ಇದ್ದಾರೆ, ಇಂಗ್ಲಿಷ್ ಅಧ್ಯಾಪಕರೂ ಇದ್ದಾರೆ.